ಜೇನಿನ ಕೊಂಡಿಯಿಂದ ಮೊಡವೆ ಮುಲಾಮಿನ ತನಕ

ಹದಿನೈದು ದಿನದ ಹಿಂದೆ ಒಂದೇ ದಿನ ಎರಡು ಮಾತು ಕಿವಿಗೆ ಬಿದ್ದವು. ಮುಂಜಾನೆ ನಿಂಬಿ ತೋಟದ ಬದುವಿನ ಮ್ಯಾಲಿಟ್ಟ ಜೇನುಪೆಟ್ಟಿಗೆ ನೋಡಲಿಕ್ಕೆ ಒಬ್ಬ ಏಜೆಂಟ್ ಬಂದಿದ್ದ. "ಜೇನುತುಪ್ಪ ಮಾರಿ ಏನು ಉಳೀತದ್ರೀ? ವಿಷ ತೆಗೀರಿ, ವಿಷ. ಮೊಡವಿ ಕ್ರೀಮಿಗೆ ಗ್ರಾಂ ಲೆಕ್ಕದಾಗ ಹೋಗ್ತದ, ಮಷಿನ್ ನಾವ ಕೊಡ್ತೀವಿ" ಅಂದ. ಸಂಜೀಕ ಅಣ್ಣನ ಮಗಳು ಮೊಬೈಲ್ ಹಿಡಕೊಂಡು ಬಂದು, "ಕಾಕಾ, ಜೇನು ಕಡಿಸಿಕೊಂಡ್ರ ಮೊಡವಿ ಹೋಗ್ತಾವಂತ, ಖರೇನಾ?" ಅಂತ ಕೇಳಿದಳು. ಆಕೀಗಿ ಹದಿನೇಳು ವರ್ಷ. ಎರಡೂ ಗಲ್ಲದ ಮ್ಯಾಲೆ ಕೆಂಪು ಗುಳ್ಳಿ, ಫೋಟೋ ತೆಗಿಸಿಕೊಳ್ಳೋದೂ ಬಿಟ್ಟಾಳ.

ಇಬ್ಬರಿಗೂ ಅವತ್ತು ಉತ್ತರ ಕೊಡಲಿಲ್ಲ. ನಾಕಾರು ರಾತ್ರಿ ಕುಂತು ಓದಿದೆ. ನಮ್ಮ ಕರಜಗಿ ಸುತ್ತ ಪೆಟ್ಟಿಗೆ ಇಟ್ಟವರು, ಇಡಬೇಕಂದವರು ಈಗ ಹೆಚ್ಚಾಗ್ಯಾರ, ಏಜೆಂಟ್ ನಿಮ್ಮ ಹೊಲಕ್ಕೂ ಬರ್ತಾನ. ಅದಕ್ಕ ಓದಿದ್ದನ್ನ ಇಲ್ಲಿ ಬರೆದಿಡ್ತಿದೀನಿ. ಉದ್ದ ಆಗ್ತದ, ಬಿಡುವಿದ್ದಾಗ ಓದ್ರಿ.

ಮೊದಲು ನಮ್ಮ ಕಡೆಯ ಮಾತು. ಜೇನುತುಪ್ಪ ಔಷಧ ಅಂತ ಎಲ್ಲರ ಮನ್ಯಾಗೂ ಹೇಳ್ತಾರ. ಜೇನಿನ ವಿಷ ಔಷಧ ಅಂತ ನಮ್ಮ ಅಜ್ಜನ ಬಾಯಿಂದ ನಾ ಒಂದಿನವೂ ಕೇಳಿಲ್ಲ. ಹುಣಸಿ ಗಿಡದ ಹೆಜ್ಜೇನು ಎದ್ದರ ಕಂಬಳಿ ಹೊದ್ದು ಓಡೋದು, ಕಡಿದ ಜಾಗಕ್ಕ ಸುಣ್ಣ ಹಚ್ಚೋದು, ಅಷ್ಟೇ ಗೊತ್ತಿತ್ತು. ಹಳೇ ಗ್ರಂಥಗಳಲ್ಲೂ ಇದೇ ವಿಂಗಡಣೆ ಅದ. ಸುಶ್ರುತ ಸಂಹಿತೆಯಲ್ಲಿ ಜೇನುತುಪ್ಪದ ಎಂಟು ಬಗೆ ಹೇಳಿ ಅದನ್ನು ಆಹಾರ-ಔಷಧದ ಭಾಗದಲ್ಲಿ ಇಟ್ಟಿದ್ದಾರೆ. ಕಡಿಯುವ ಹುಳಗಳ ಮಾತು ಬರುವುದು ಕಲ್ಪಸ್ಥಾನದಲ್ಲಿ, ಅಂದರೆ ಹಾವು-ಚೇಳಿನ ಜೊತೆ, ವಿಷದ ಭಾಗದಲ್ಲಿ. ಕನ್ನಡದಲ್ಲಿ ವಿಷವೈದ್ಯಕ್ಕೆ ಅಂತಲೇ ಒಂದು ದೊಡ್ಡ ಗ್ರಂಥ ಅದ, ಮಂಗರಾಜನ 'ಖಗೇಂದ್ರಮಣಿದರ್ಪಣ'. 14ನೇ ಶತಮಾನ, ವಿಜಯನಗರದ ಆರಂಭದ ಕಾಲ. ಖಗೇಂದ್ರ ಅಂದ್ರ ಗರುಡ. ಗಿಡಮೂಲದ ವಿಷ, ಪ್ರಾಣಿಗಳ ವಿಷ ಅಂತ ಬೇರೆ ಬೇರೆ ಮಾಡಿ, ಯಾವುದಕ್ಕೆ ಏನು ಮದ್ದು ಅಂತ ಹೇಳುವ ಕಾವ್ಯ. ಆರುನೂರು ವರ್ಷದ ಹಿಂದೆಯೇ ನಮ್ಮ ಭಾಷೆಯಲ್ಲಿ ವಿಷವನ್ನು ಇಷ್ಟು ಗಂಭೀರವಾಗಿ ತಗೊಂಡಿದ್ದರು ಅನ್ನೋದು ನನಗೆ ಹೆಮ್ಮೆ. ಇದು ಪ್ರಾಚೀನ ಭಾರತದ ಗುಪ್ತ ಚಿಕಿತ್ಸೆ ಅಂತ ಆ ವಿಡಿಯೋದಾಗ ಹೇಳ್ಯಾರಲ್ಲ, ಅದನ್ನ ಮಾತ್ರ ನಂಬಬ್ಯಾಡ್ರಿ.

ಈಗ ಚಾಲ್ತಿಯಲ್ಲಿರುವ ಜೇನುವಿಷದ ಚಿಕಿತ್ಸೆ ಶುರುವಾದದ್ದು ಯುರೋಪಿನಲ್ಲಿ. ಫಿಲಿಪ್ ಟೆರ್ಚ್ ಅಂತ ಒಬ್ಬ ಡಾಕ್ಟರು, 1844ರಲ್ಲಿ ಬೊಹೀಮಿಯಾದಲ್ಲಿ ಹುಟ್ಟಿದವರು, ಮಾರಿಬೋರ್ ಊರಲ್ಲಿ ವೃತ್ತಿ ಮಾಡುತ್ತಿದ್ದರು. ಅದು ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು, ಈಗ ಸ್ಲೊವೇನಿಯಾ. ಅವರಿಗೇ ಸಂಧಿವಾತ ಇತ್ತು, ಆಕಸ್ಮಿಕವಾಗಿ ಜೇನು ಕಡಿದ ಮೇಲೆ ನೋವು ಇಳಿಯಿತು ಅಂತ ಹೇಳ್ತಾರ. 1888ರಲ್ಲಿ ವಿಯೆನ್ನಾದ ವೈದ್ಯಕೀಯ ಪತ್ರಿಕೆಯಲ್ಲಿ, ಜೇನು ಕಡಿತಕ್ಕೂ ಸಂಧಿವಾತಕ್ಕೂ ಇರುವ ವಿಚಿತ್ರ ಸಂಬಂಧ ಅಂತ ಒಂದು ವರದಿ ಬರೆದರು. ಇವತ್ತಿಗೂ ಮಾರ್ಚ್ 30, ಅವರ ಹುಟ್ಟುಹಬ್ಬದ ದಿನ, ಜಗತ್ತಿನ ಜೇನು ಚಿಕಿತ್ಸೆಯವರು ದಿನಾಚರಣೆ ಮಾಡ್ತಾರ.

ಟೆರ್ಚ್ ಸುಳ್ಳುಗಾರ ಅಲ್ಲ. ತಾನು ಕಂಡದ್ದನ್ನು ಬರೆದರು. ಆದರ ಅವರ ಲೆಕ್ಕದಾಗ ಒಂದು ಕೊರತೆ ಇತ್ತು. ನಾವು ಹೊಲದಾಗ ಹೊಸ ಔಷಧ ಹೊಡೆದಾಗ ನಾಕು ಸಾಲು ಹೊಡೀದೆ ಬಿಡ್ತೀವಲ್ಲ, ಆ ಬಿಟ್ಟ ಸಾಲು ಅವರ ಹತ್ತಿರ ಇರಲಿಲ್ಲ. ಜೇನು ಕಡಿಸಿಕೊಳ್ಳದೆ ಇದ್ದ ಸಂಧಿವಾತದವರು ಎಷ್ಟು ಮಂದಿ ತಾವಾಗಿಯೇ ಸುಧಾರಿಸಿದರು? ಅದನ್ನು ಎಣಿಸದೆ ಜೇನಿನಿಂದ ಎಷ್ಟು ಆಯಿತು ಅಂತ ಹೇಳಲಿಕ್ಕೆ ಬರೋದಿಲ್ಲ. ಆಮೇಲೆ ನ್ಯೂಯಾರ್ಕಿನಲ್ಲಿದ್ದ ಹಂಗೇರಿ ಮೂಲದ ಡಾಕ್ಟರು ಬೊಡೊಗ್ ಬೆಕ್ 1935ರಲ್ಲಿ ಜೇನುವಿಷ ಚಿಕಿತ್ಸೆ ಬಗ್ಗೆ ಪುಸ್ತಕ ಬರೆದರು. ಅಮೆರಿಕದ ವರ್ಮಾಂಟ್ ರಾಜ್ಯದ ಚಾರ್ಲ್ಸ್ ಮ್ರಾಜ್ ಅಂತ ಒಬ್ಬ ಜೇನು ಸಾಕಣೆದಾರ, ನಮ್ಮಂಥವನೇ, 1999ರಲ್ಲಿ ತೀರಿಕೊಳ್ಳುವ ತನಕ ಇದನ್ನೇ ಪ್ರಚಾರ ಮಾಡಿದ. ಬಿಟ್ಟ ಸಾಲಿನ ಲೆಕ್ಕ ಇವರ ಕಾಲಕ್ಕೂ ಸರಿಯಾಗಿ ಆಗಲಿಲ್ಲ.

ಇನ್ನೊಂದು ಕಡೆ ಬೇರೆ ಜನ ಬೇರೆ ಪ್ರಶ್ನೆ ಕೇಳುತ್ತಿದ್ದರು. ಈ ವಿಷದೊಳಗ ಏನೇನು ಅದ? ಜರ್ಮನಿಯ ವಿಜ್ಞಾನಿ ಹಾಬರ್ಮನ್ ಮತ್ತು ಅವರ ಸಂಗಡಿಗರು 1950ರ ದಶಕದಿಂದ ಅದನ್ನು ಒಂದೊಂದಾಗಿ ಬಿಡಿಸಿದರು. ಒಣಗಿದ ವಿಷದಲ್ಲಿ ಹೆಚ್ಚುಕಡಿಮೆ ಅರ್ಧ ಮೆಲಿಟಿನ್ ಅನ್ನುವ ಒಂದೇ ವಸ್ತು. 26 ಅಮೈನೋ ಆಮ್ಲದ ಸಣ್ಣ ಸರಪಳಿ. ಆ ಸರಪಳಿಯ ಜೋಡಣೆ ಯಾವ ಕ್ರಮದಲ್ಲಿದೆ ಅಂತ 1967ರ ಹೊತ್ತಿಗೆ ಗೊತ್ತಾಯಿತು. ಹತ್ತನೇ ಒಂದು ಭಾಗದಷ್ಟು ಫಾಸ್ಫೋಲೈಪೇಸ್ ಅದ, ಅಲರ್ಜಿ ಎಬ್ಬಿಸುವ ಮುಖ್ಯ ಆರೋಪಿ ಅದೇ. ಹಯಲುರೊನಿಡೇಸ್ ಅನ್ನೋದು ಚರ್ಮದ ಒಳಗಿನ ಬೆಸುಗೆ ಸಡಿಲ ಮಾಡಿ ವಿಷ ಹರಡಲಿಕ್ಕೆ ದಾರಿ ಮಾಡಿಕೊಡ್ತದ.

ಮೆಲಿಟಿನ್ ಮಾಡುವ ಕೆಲಸ ಒಂದೇ, ಜೀವಕೋಶದ ಗೋಡೆಗೆ ತೂತು ಕೊರೆಯೋದು. ಗೋಡೆ ಕೀಟಾಣುವಿನದೋ ನಮ್ಮದೋ ಅಂತ ಅದು ಹೆಚ್ಚು ಭೇದ ಮಾಡಂಗಿಲ್ಲ. ಹೆಜ್ಜೇನು ನೂರಾರು ಒಮ್ಮೆಗೇ ಕಡಿದಾಗ ರಕ್ತದ ಕೆಂಪು ಕಣ, ಮಾಂಸಖಂಡ ಒಡೆದು ಮೂತ್ರಪಿಂಡ ಕೆಡೋದು ಇದರ ಕೈವಾಡದಿಂದ. ಹಂಗಾದ್ರ ಇದು ಉರಿಯೂತ ಇಳಿಸೋದು ಹೆಂಗ? ಪ್ರಮಾಣದ ಮ್ಯಾಲೆ ಎಲ್ಲಾ ನಿಂತದ. ತೊಗರಿ ಹೂ ಬಿಡುವಾಗ ಯೂರಿಯಾ 2% ಸಿಂಪಡಿಸಿದ್ರ ಎಲಿ ಹಸರಾಗ್ತದ, 10% ಹೊಡೆದ್ರ ಸುಟ್ಟು ಕರಕಲಾಗ್ತದ. ಪ್ರಯೋಗಾಲಯದಲ್ಲಿ ಅತಿ ಸಣ್ಣ ಪ್ರಮಾಣದ ವಿಷ ಹಾಕಿದಾಗ, ಬಾವು ಏಳಿಸುವ ಸಂದೇಶ ಕಳಿಸುವ ಜೀವಕೋಶಗಳು ಆ ಸಂದೇಶ ಕಡಿಮೆ ಮಾಡಿದ್ದು ಕಂಡಿದೆ. ಅದೇ ವಿಷ ಕೊಂಡಿಯಿಂದ ಇಡಿಯಾಗಿ ಒಳಗ ಹೋದ್ರ ಬಾವು ಏಳಿಸ್ತದ.

ಅಳತೆಯ ವಿಷಯದಲ್ಲಿ ಡಾಕ್ಟರುಗಳೂ ದಶಕಗಟ್ಟಲೆ ಎಡವಿದ್ದಾರೆ. ಜೇನು ಕಡಿದರೆ ಜೀವಕ್ಕೇ ಕುತ್ತು ಬರುವಂಥ ಅಲರ್ಜಿ ಇದ್ದವರಿಗೆ, ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವ ಚುಚ್ಚುಮದ್ದು 1930ರಿಂದ ಬಳಕೆಗೆ ಬಂತು. ಅದಕ್ಕೆ ಬಳಸಿದ್ದು ಬರೀ ವಿಷ ಅಲ್ಲ, ಇಡೀ ಹುಳವನ್ನೇ ಅರೆದು ತೆಗೆದ ರಸ! ವಿಷ ಮಾತ್ರ ಬೇರೆ ತೆಗೆಯೋದು ಹೆಂಗ ಅಂತ ಸುಲಭದ ದಾರಿ ಇರಲಿಲ್ಲ. ಮೇರಿ ಲವ್‌ಲೆಸ್ ಅನ್ನುವ ಅಮೆರಿಕದ ಡಾಕ್ಟರಮ್ಮ ಮಾತ್ರ ಹುಳದ ವಿಷದ ಚೀಲವನ್ನು ಕೈಯಿಂದ ಬಿಡಿಸಿ ತೆಗೆದು, ಚುಚ್ಚಬೇಕಾದ್ದು ಇದನ್ನ ಅಂತ ಹಟ ಹಿಡಿದಿದ್ದರು. ಆಕೆಯ ಮಾತಿಗೆ ಬೆಲೆ ಸಿಗಲಿಕ್ಕೆ ಬಹಳ ವರ್ಷ ಹಿಡಿಯಿತು. 1978ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು ಕೊನೆಗೂ ಬಿಟ್ಟ ಸಾಲು ಇಟ್ಟು ಪರೀಕ್ಷೆ ಮಾಡಿದರು. ಮೂರು ಗುಂಪು ಮಾಡಿ ಬೇಕಂತಲೇ ಹುಳ ಕಡಿಸಿದರು. ಬರೀ ನೀರುಮದ್ದು ತಗೊಂಡ 12 ಮಂದಿಯಲ್ಲಿ 7 ಜನಕ್ಕೆ ಮೈಯೆಲ್ಲಾ ಅಲರ್ಜಿ ಬಂತು. ಅರೆದ ಹುಳದ ರಸ ತಗೊಂಡ 11 ಮಂದಿಯಲ್ಲೂ 7 ಜನಕ್ಕೆ ಬಂತು. ಶುದ್ಧ ವಿಷ ಅಳತೆ ಪ್ರಕಾರ ತಗೊಂಡ 18 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಸುಮಾರು ಐವತ್ತು ವರ್ಷ ಡಾಕ್ಟರುಗಳು ನೀರಿಗೆ ಸಮಾನವಾದ ಮದ್ದು ಕೊಟ್ಟಿದ್ದರು ಅಂತಾಯಿತು. ಈ ಪ್ರಸಂಗ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಂತಿದ್ದೆ.

ಶುದ್ಧ ವಿಷ ಬೇಕಾದಷ್ಟು ಸಿಗಲಿಕ್ಕೆ ಕಾರಣ 1963ರ ಒಂದು ಉಪಾಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಂಟನ್, ಮೋರ್ಸ್, ಸ್ಟೀವರ್ಟ್ ಅನ್ನುವ ಮೂವರು ಅದನ್ನ ಪ್ರಕಟಿಸಿದರು. ಏಜೆಂಟ್ ತೋರಿಸಿದ ಮಷಿನ್ ಅದರ ಮೊಮ್ಮಗ. ಒಂದು ಚೌಕಟ್ಟಿಗೆ ತಂತಿ ಬಿಗಿದು, ಕೆಳಗ ತೆಳ್ಳನೆ ಬಟ್ಟೆ, ಅದರ ಕೆಳಗ ಗಾಜು. ತಂತಿಗೆ ಸಣ್ಣ ವಿದ್ಯುತ್ ಹರಿಸಿದ್ರ ಹುಳಕ್ಕ ಸಿಟ್ಟು ಬಂದು ಬಟ್ಟೆ ಮೂಲಕ ಗಾಜಿಗೆ ಚುಚ್ತದ. ನಮ್ಮ ಚರ್ಮದಾಗ ಸಿಕ್ಕಂಗ ಕೊಂಡಿ ಸಿಗಂಗಿಲ್ಲ, ಹುಳ ಉಳೀತದ. ಗಾಜಿನ ಮ್ಯಾಲೆ ವಿಷ ಒಣಗಿದ ಮ್ಯಾಲೆ ಬ್ಲೇಡಿನಿಂದ ಕೆರೆದು ತೆಗೀಬೇಕು.

ಇನ್ನು ಮೊಡವೆಗೆ ಬರೋಣ. ಚರ್ಮದ ಎಣ್ಣೆ ಗ್ರಂಥಿಯ ಬಾಯಿ ಕಟ್ಟಿಕೊಂಡಾಗ ಅದರೊಳಗ ಒಂದು ಕೀಟಾಣು ಬೆಳೀತದ, ಹೆಸರು ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್. ಎಲ್ಲರ ಮುಖದಾಗೂ ಇರುವಂಥದ್ದೇ. ಒಳಗ ಹೆಚ್ಚಾದಾಗ ದೇಹ ಅದರ ಮ್ಯಾಲೆ ಯುದ್ಧ ಸಾರ್ತದ, ಕೆಂಪು, ಬಾವು, ಕೀವು ಎಲ್ಲಾ ಆ ಯುದ್ಧದ್ದು. ಜೇನುವಿಷ ಕೀಟಾಣುವನ್ನೂ ಕೊಲ್ತದ, ಬಾವನ್ನೂ ಇಳಿಸ್ತದ ಅಂದ್ರ ಮೊಡವೆಗೆ ಸರಿಯಾಗಬೇಕಲ್ಲ ಅಂತ ಯೋಚಿಸಿದವರು ದಕ್ಷಿಣ ಕೊರಿಯಾದವರು. ಅಲ್ಲಿ ಸೂಜಿಚಿಕಿತ್ಸೆಯ ಜೊತೆ ಜೇನುವಿಷ ಬಳಸುವ ರೂಢಿ ಮೊದಲಿಂದ ಅದ. ನನಗ ಕುತೂಹಲ ಅನಿಸಿದ್ದು ಬೇರೆ. ಈ ಸಂಶೋಧನೆ ಮಾಡಿದ ಮುಖ್ಯ ತಂಡ ಯಾವುದೋ ಆಸ್ಪತ್ರೆಯದಲ್ಲ, ಸುವನ್ ಊರಿನಲ್ಲಿದ್ದ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯದು. ಅದೇ ತಂಡ ಆಕಳ ಕೆಚ್ಚಲು ಬಾವಿನ ಕೀಟಾಣುಗಳ ಮ್ಯಾಲೂ ಜೇನುವಿಷ ಪರೀಕ್ಷಿಸಿದೆ. ಕೃಷಿ ಇಲಾಖೆಯವರು ಜೇನು ರೈತರಿಗೆ ಇನ್ನೊಂದು ಆದಾಯ ಹುಡುಕಹೊರಟದ್ದು ಅಂತ ನಾನು ಅರ್ಥ ಮಾಡಿಕೊಂಡೆ.

ಅವರು ಮೊದಲು ಗಾಜಿನ ತಟ್ಟೆಯಲ್ಲಿ ನೋಡಿದರು, ಶುದ್ಧ ಮಾಡಿದ ವಿಷ ಆ ಕೀಟಾಣು ಬೆಳೆಯೋದನ್ನು ತಡೀತು. 2013ರಲ್ಲಿ ಮನುಷ್ಯರ ಮೇಲಿನ ಪರೀಕ್ಷೆ ಪ್ರಕಟ ಆಯಿತು. ಆರು ಜನಕ್ಕೆ ವಿಷ ಸೇರಿಸಿದ ಕ್ರೀಮು, ಆರು ಜನಕ್ಕೆ ವಿಷ ಇಲ್ಲದ ಅದೇ ಕ್ರೀಮು, ಯಾರಿಗೆ ಯಾವುದು ಅಂತ ಯಾರಿಗೂ ಹೇಳದೆ ಎರಡು ವಾರ ಹಚ್ಚಿಸಿದರು. ವಿಷ ಇದ್ದ ಗುಂಪಿನಲ್ಲಿ ಮೊಡವೆ ಹೆಚ್ಚು ಕಡಿಮೆಯಾದವು. ಇಲ್ಲಿ ಬಿಟ್ಟ ಸಾಲು ಅದ, ಅದಕ್ಕ ಟೆರ್ಚ್‌ಗಿಂತ ಇದು ಮುಂದಿನ ಹೆಜ್ಜೆ. ಆದರ ಒಟ್ಟು 12 ಮಂದಿ! ಹನ್ನೆರಡು ತೊಗರಿ ಗಿಡ ನೋಡಿ ಒಂದು ತಳಿ ಚಲೋ ಅಂತ ನೀವು ಇಪ್ಪತ್ತು ಎಕರೆಗೆ ಬಿತ್ತತೀರೇನು? ಮುಂದಿನ ವರ್ಷ ಇನ್ನೊಂದು ಎಕರೆ ಹಾಕಿ ನೋಡ್ತೀರಿ ಅಷ್ಟೇ. ಇಸುಬಿನ ಮೇಲೆ 2016ರಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಪ್ರಕಟ ಆಯಿತು, 136 ರೋಗಿಗಳು, ನಾಕು ವಾರ. ಜೇನುವಿಷ ಬೆರೆತ ಚರ್ಮದ ಲೇಪ ಹಚ್ಚಿದವರಿಗೆ ಬರೀ ಲೇಪದವರಿಗಿಂತ ಗುಣ ಹೆಚ್ಚು ಕಂಡಿತು. ಆಶೆ ಹುಟ್ಟಿಸುವಂಥದ್ದೇ. ಇಷ್ಟರ ಬಲದ ಮ್ಯಾಲೆ ಕೊರಿಯಾದ ಸೌಂದರ್ಯವರ್ಧಕ ಕಂಪನಿಗಳು ಜಗತ್ತಿಗೆಲ್ಲಾ ಕ್ರೀಮ್ ಮಾರಿದವು.

ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಆ ಪರೀಕ್ಷೆಗಳಲ್ಲಿ ಯಾರ ಮುಖಕ್ಕೂ ಜೇನು ಕಡಿಸಿಲ್ಲ. ಶುದ್ಧ ಮಾಡಿದ, ತೂಕ ಮಾಡಿದ, ಅತಿ ತೆಳುವಾಗಿಸಿದ ವಿಷವನ್ನು ಚರ್ಮದ ಮೇಲಷ್ಟೇ ಹಚ್ಚಿದ್ದು. ಮೊದಲೇ ಅಲರ್ಜಿ ಇದ್ದವರಿಗೆ ಅದೂ ಬ್ಯಾಡ.

ಇದು ನನಗ ಮೂರು ವರ್ಷ ಮೊದಲು ಗೊತ್ತಿದ್ದರ ಚಲೋ ಇತ್ತು. ನನಗ ಮೊಣಕಾಲು ನೋವು. ಪೆಟ್ಟಿಗೆ ಇಟ್ಟ ಮ್ಯಾಲೆ ನಾನೂ ಆಗಾಗ ಒಂದೊಂದು ಹುಳ ಹಿಡಿದು ಕಡಿಸಿಕೊಳ್ತಿದ್ದೆ. ಅದನ್ನ ನೋಡಿ ಅಣ್ಣನ ಮಗ, ಈ ಹುಡುಗಿಯ ಅಣ್ಣ, ಮೊಡವಿಗೂ ಆಗ್ತದೇನು ಕಾಕಾ ಅಂದ. ಆಗಬಹುದು ಅಂದೆ. ಚಿಮಟಿಗೆಯಿಂದ ಹುಳ ಹಿಡಿದು ಕೊಟ್ಟವನೂ ನಾನೇ. ಹಣಿಗೆ ಒಂದು, ಗಲ್ಲಕ್ಕ ಒಂದು. ಅರ್ಧ ತಾಸಿನೊಳಗ ಎರಡೂ ಕಣ್ಣು ಮುಚ್ಚಿಹೋದವು, ಮೈತುಂಬಾ ದದ್ದು ಎದ್ದವು, ವಾಂತಿ ಮಾಡಿಕೊಂಡ, ಎದಿ ಬಿಗೀಲಿಕ್ಕೆ ಹತ್ಯದ ಅಂದ. ಗಾಡಿ ಹಾಕಿಕೊಂಡು ದವಾಖಾನಿಗೆ ಹೋಗೋ ಆ ಹಾದಿ ನನಗ ಇವತ್ತಿಗೂ ಕನಸಿನಾಗ ಬರ್ತದ. ತೊಡಿಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮ್ಯಾಲೆ ಉಸಿರು ಸಡಿಲಾತು. ಅವನಿಗೆ ಮೊದಲು ಎರಡು ಸಲ ಹೊಲದಾಗ ಜೇನು ಕಡಿದಿತ್ತು, ಏನೂ ಆಗಿರಲಿಲ್ಲ. ಅದೇ ನನಗ ಧೈರ್ಯ ಕೊಟ್ಟಿತ್ತು. ಆದರ ಅಲರ್ಜಿ ಹುಟ್ಟೋದೇ ಹಂಗ, ಮೊದಲ ಕಡಿತಗಳು ದೇಹಕ್ಕ ಪರಿಚಯ ಮಾಡಿಸ್ತಾವ, ಮುಂದಿನದು ಹೊಡೀತದ. 2018ರಲ್ಲಿ ಸ್ಪೇನಿನ ಡಾಕ್ಟರುಗಳು ವರದಿ ಮಾಡಿದ 55 ವರ್ಷದ ಹೆಣ್ಣುಮಗಳೂ ಎರಡು ವರ್ಷ ತಿಂಗಳಿಗೊಮ್ಮೆ ಏನೂ ತೊಂದರೆಯಿಲ್ಲದೆ ಜೇನು ಕಡಿಸಿಕೊಂಡಿದ್ದಳು, ಒಂದು ದಿನ ಕುಸಿದಳು, ಉಳಿಯಲಿಲ್ಲ. ಅದೇ ವರ್ಷ ಕೊರಿಯಾದ ಬುಚೋನ್ ಊರಲ್ಲೂ ಜೇನು ಚಿಕಿತ್ಸೆ ಪಡೆದ ಒಬ್ಬ ಶಿಕ್ಷಕಿ ತೀರಿಕೊಂಡಳು.

ಹೊಲದಾಗ ಜೇನು ಕಡಿದ್ರ ಕೊಂಡಿಯನ್ನ ಉಗುರಿನಿಂದಾಗಲಿ ಚಿಮಟಿಗೆಯಿಂದಾಗಲಿ ಹೆಂಗಾದ್ರೂ ತಕ್ಷಣ ಕಿತ್ತು ಹಾಕ್ರಿ. ಹಿಂಡಿ ತೆಗೀಬಾರದು, ಕೆರೆದು ತೆಗೀಬೇಕು ಅಂತ ವಾದ ಮಾಡಿಕೋತ ಕುಂದರಬ್ಯಾಡ್ರಿ. ತೆಗೆಯುವ ರೀತಿಗಿಂತ ಬೇಗ ತೆಗೆಯೋದು ಮುಖ್ಯ ಅಂತ 1996ರಲ್ಲೇ ಪರೀಕ್ಷೆ ಮಾಡಿ ತೋರಿಸ್ಯಾರ. ಕಡಿದ ಜಾಗ ಬಿಟ್ಟು ಬ್ಯಾರೆ ಕಡೆ ದದ್ದು, ಉಸಿರು ಕಟ್ಟೋದು, ವಾಂತಿ, ತಲಿ ತಿರುಗೋದು ಕಂಡ್ರ 108ಕ್ಕ ಫೋನ್ ಮಾಡ್ರಿ, ಸುಣ್ಣ ಹುಡುಕಬ್ಯಾಡ್ರಿ.

ಆ ಹುಡುಗನ ಕಥೆ ಅಲ್ಲಿಗೇ ಮುಗೀಲಿಲ್ಲ. ಮುಖ ಇಳಿದ ಮ್ಯಾಲೆ ಯಾರೋ ಹೇಳಿದರು ಅಂತ ಚೀಟಿ ಇಲ್ಲದ ಒಂದು ಕ್ರೀಮ್ ತಂದು ಹಚ್ಚಿಕೊಂಡ. ಎಂಟು ದಿನದಾಗ ಮುಖ ಫಳಫಳ ಆತು. ಎರಡು ತಿಂಗಳಿಗೆ ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚು ಗುಳ್ಳಿ, ಬಿಸಲಿಗೆ ಹೋದ್ರ ಉರಿ. ಅದರೊಳಗ ಸ್ಟೆರಾಯ್ಡ್ ಇತ್ತು. ಇಂಥ ಕ್ರೀಮುಗಳನ್ನ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡ್ಯದ. ಆದರೂ ಎಷ್ಟು ಮನ್ಯಾಗ ಕನ್ನಡಿ ಹಿಂದ ಆ ಟ್ಯೂಬ್ ಅದಾವ, ನೀವೇ ನೋಡಿಕೊಳ್ರಿ. ಬಾವು ಇಳಿಸುವ ಶಕ್ತಿ ಇದ್ದದ್ದೆಲ್ಲಾ ಮೊಡವೆಗೆ ಮದ್ದಾಗೋದಾದ್ರ ಸ್ಟೆರಾಯ್ಡ್ ಮೊದಲು ಆಗಬೇಕಿತ್ತು.

ಇನ್ನು ಏಜೆಂಟನ ಲೆಕ್ಕ. ಒಂದು ಹುಳದ ಒಣ ವಿಷ ಸುಮಾರು 0.1 ಮಿಲಿಗ್ರಾಂ. ಒಂದು ಗ್ರಾಂ ಆಗಲಿಕ್ಕೆ ಹತ್ತು ಸಾವಿರ ಚುಚ್ಚು ಬೇಕು. ಮಷಿನ್ ಹಚ್ಚಿದ ಪೆಟ್ಟಿಗೆ ಸಿಟ್ಟಿಗೇಳ್ತದ, ಹತ್ತಿರ ದನ, ಮಂದಿ, ಕಬ್ಬು ಕಡಿಯೋರು ಇದ್ರ ಗೋಳು. ಕೆರೆಯುವಾಗ ಪುಡಿ ಮೂಗು-ಕಣ್ಣಿಗೆ ಹೋದ್ರ ಉರಿ, ಮಾಸ್ಕ್, ಕನ್ನಡಕ ಇಲ್ಲದೆ ಮುಟ್ಟಂಗಿಲ್ಲ. ತೇವ, ಬೆಳಕು ತಾಗದಂಗ ತಣ್ಣಗ ಇಡಬೇಕು. ಕೇಂದ್ರ ಸರ್ಕಾರದ ಜೇನು ಸಾಕಣೆ ಮಿಷನ್ನಿನಲ್ಲಿ ಪರಾಗ, ಪ್ರೋಪೋಲಿಸ್, ರಾಜಶಾಹಿ ರಸದ ಜೊತೆ ಜೇನುವಿಷದ ಹೆಸರೂ ಅದ, ಸುಳ್ಳಲ್ಲ. ಮುಂದ ಒಂದಿನ ರೈತರ ಸಂಘ ಕೂಡಿ, ಪರೀಕ್ಷೆ ಮಾಡುವ ಲ್ಯಾಬ್ ಹಿಂದಿದ್ದು ಮಾಡಿದ್ರ ಆಗಬಹುದು.

ಆದರ ನಮ್ಮ ರಾಜ್ಯದ ಜೇನಿನ ಚರಿತ್ರೆ ನೋಡಿದವರಿಗೆ ಆ ಹುಳದ ಮ್ಯಾಲೆ ಕರೆಂಟ್ ಹರಿಸಲಿಕ್ಕೆ ಕೈ ಅಷ್ಟು ಸಲೀಸಾಗಿ ಏಳಂಗಿಲ್ಲ. 1910ರ ದಶಕದಲ್ಲಿ ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ ಮಾಡಿದ ಪೆಟ್ಟಿಗೆಯಿಂದ ದಕ್ಷಿಣದಾಗ ತುಡುವೆ ಜೇನು ಸಾಕಣೆ ಬೆಳೀತು, ಕೊಡಗು ಜೇನಿಗೆ ಹೆಸರಾಯಿತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ತುಡುವೆಯ ಬಹುಪಾಲು ಕುಟುಂಬ ನಾಶ ಮಾಡಿತು. ಅದಕ್ಕೂ ಮೊದಲು, 1960ರ ದಶಕದಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆ ನಿಲ್ಲಿಸಿದ್ದ ಮೆಲ್ಲಿಫೆರಾ ಆಮೇಲೆ ಇಲ್ಲಿಗೂ ಬಂತು. ನಮ್ಮ ಬದುವಿನ ಮ್ಯಾಲೆ ಇರೋದು ಅದೇ. ಸೂರ್ಯಪಾನ ಹೂ ಬಿಟ್ಟಾಗ ಪೆಟ್ಟಿಗೆ ಹತ್ತಿರದ ತೆನಿಯಾಗ ಕಾಳು ಗಟ್ಟಿ, ದೂರದ ತೆನಿಯಾಗ ನಡುವ ಜೊಳ್ಳು. ನಾ ನನ್ನ ಹೊಲದಾಗೇ ಮುರಿದು ನೋಡೀನಿ. ಸದ್ಯಕ್ಕ ನನಗ ಆ ಕಾಳಿನ ಲೆಕ್ಕ ವಿಷದ ಲೆಕ್ಕಕ್ಕಿಂತ ಖಾತ್ರಿ ಅನಿಸ್ತದ. ನಿಮಗ ಬ್ಯಾರೆ ಅನಿಸಿದ್ರ ಕೆಳಗ ಬರೀರಿ.

ಏಜೆಂಟನಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ವಿಷ ಕೊಳ್ಳೋರು ಯಾರು, ದರ ಬರೆದು ಕೊಡ್ತಾರೇನು? ಶುದ್ಧ ಅದನೋ ಇಲ್ಲೋ ಯಾವ ಲ್ಯಾಬ್ ನೋಡ್ತದ, ಖರ್ಚು ಯಾರದು? ನಾಪಾಸಾದ್ರ ಮಷಿನ್ ವಾಪಸ್ ತಗೋತೀರೇನು? ಕೇಳಿ ಹೇಳ್ತೀನಿ ಅಂದಾನ. ಇವತ್ತಿಗೆ ಒಂಬತ್ತು ದಿನ.

ಹುಡುಗಿನ್ನ ಚರ್ಮದ ಡಾಕ್ಟರ ಹತ್ತಿರ ಕರಕೊಂಡು ಹೋಗಿದ್ದೆ. ಬೆನ್ಜಾಯ್ಲ್ ಪೆರಾಕ್ಸೈಡ್ ಜೆಲ್ ಒಂದು, ರಾತ್ರಿಗೆ ಅಡಾಪಲೀನ್ ಒಂದು ಬರೆದು ಕೊಟ್ಟಾರ. ಮೊದಲು ಸ್ವಲ್ಪ ಸಿಪ್ಪಿ ಏಳ್ತದ, ಹೆದರಬ್ಯಾಡ, ಎಂಟು ವಾರ ಬಿಡದೆ ಹಚ್ಚು ಅಂದ್ರು. ಈಗ ಎರಡನೇ ವಾರ ನಡದದ, ಸಿಪ್ಪಿ ಎದ್ದದ. "ನಿಮ್ಮ ಜೇನಿಗಿಂತ ಇದ ನಿಧಾನ ಕಾಕಾ" ಅಂತ ನಿನ್ನೆ ಸಿಟ್ಟಿನಾಗ ಅಂದಳು. ಅವಳ ಅಣ್ಣ ಅಲ್ಲೇ ಕುಂತಿದ್ದ, ಏನೂ ಅನ್ನಲಿಲ್ಲ.